ಜಾರುತ್ತೆ, ನೋಡ್ಕಂಡು

ಬೇರೆ ಊರುಗಳಲ್ಲಿ ಮನೆಯಿಂದ ಹೊರಟವರಿಗೆ ‘ಹೋಗಿ ಬಾ’ ಎನ್ನುತ್ತಾರೆ. ನಮ್ಮ ಕಡೆ ಮಳೆ ಹಿಡಿಯಿತೆಂದರೆ ಆ ಮಾತು ಮೂಲೆ ಸೇರುತ್ತದೆ. ‘ಜಾರುತ್ತೆ, ನೋಡ್ಕಂಡು’ ಎನ್ನುವುದೇ ನಮ್ಮ ಬೀಳ್ಕೊಡುಗೆ. ಸಂತೆಗೆ ಹೊರಟವರಿಗೂ ಅದೇ, ಮದುವೆಗೆ ಹೊರಟವರಿಗೂ ಅದೇ. ನನ್ನ ಮಾವನವರು ಮಗಳನ್ನು ನನ್ನ ಜೊತೆ ಕಳಿಸಿಕೊಡುವಾಗ ಕಣ್ಣೊರೆಸಿಕೊಂಡು ಹೇಳಿದ್ದೂ ಇದೇ ಮಾತು. ಅವರು ಅಂಗಳದ ಬಗ್ಗೆ ಹೇಳಿದರೋ ನನ್ನ ಬಗ್ಗೆ ಹೇಳಿದರೋ ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಕೇಳೋಣವೆಂದರೆ ಅವರು ಸಿಕ್ಕಾಗಲೆಲ್ಲ ಮಳೆಯ ವಿಷಯ ತೆಗೆಯುತ್ತಾರೆ.

ನಾನು ಶನಿವಾರಸಂತೆಯ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಹೊರಗಿನವರು ಈ ಪದ ಕೇಳಿದ ಕೂಡಲೇ ಕುರ್ಚಿ ಮುಂದೆಳೆದುಕೊಂಡು ‘ಓಹೋ, ಏನೇನು ಬರೆದಿದ್ದೀರಿ?’ ಎನ್ನುತ್ತಾರೆ. ‘ಆಳುಗಳ ಹಾಜರಿ’ ಎಂದರೆ ಕುರ್ಚಿ ಹಿಂದಕ್ಕೆ ಹೋಗುತ್ತದೆ. ನಿಜ ಹೇಳಬೇಕೆಂದರೆ ಈ ಕೆಲಸಕ್ಕೆ ಕೈಬರಹಕ್ಕಿಂತ ಗಂಟಲು ಮುಖ್ಯ. ಇಳಿಜಾರಿನ ಆ ತುದಿಯಲ್ಲಿ ಹಣ್ಣು ಕುಯ್ಯುವವರಿಗೆ ಈ ತುದಿಯಿಂದಲೇ ಕೇಳಿಸಬೇಕು. ಹೀಗೆ ಪಳಗಿದ ಗಂಟಲಿನಿಂದ ‘ಜಾರುತ್ತೆ’ ಎಂದು ಕೂಗಿದರೆ ಪಕ್ಕದ ಎಸ್ಟೇಟಿನವರೂ ಒಂದು ಗಳಿಗೆ ನಿಂತು ತಮ್ಮ ಕಾಲು ನೋಡಿಕೊಳ್ಳುತ್ತಾರೆ. ನನಗೆ ಅದರ ಬಗ್ಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಇಷ್ಟೆಲ್ಲ ಎಚ್ಚರಿಕೆಯ ನಡುವೆಯೂ ಹೋದ ಮಳೆಗಾಲದಲ್ಲಿ ನನ್ನ ಮಗಳು ಇಂಚರ ನಮ್ಮ ಕ್ವಾರ್ಟರ್ಸಿನ ಅಂಗಳದಲ್ಲೇ ಪಾಚಿಯ ಮೇಲೆ ಜಾರಿ ಬಿದ್ದಳು. ಕೈ ಉಳುಕಿತು. ಕೈ ಬೇಗ ವಾಸಿಯಾಯಿತು, ಭಯ ವಾಸಿಯಾಗಲಿಲ್ಲ. ಅಂಗಳ ಒದ್ದೆಯಾಗಿದ್ದರೆ ಹೊಸಿಲು ದಾಟುತ್ತಿರಲಿಲ್ಲ. ಗೇಟಿನ ಹತ್ತಿರ ಸ್ಕೂಲ್ ಆಟೋ ಬಂದು ಹಾರ್ನ್ ಹೊಡೆದರೆ, ಮೂರನೇ ಕ್ಲಾಸಿನ ಹುಡುಗಿಯನ್ನು ಬ್ಯಾಗು, ಊಟದ ಡಬ್ಬಿ ಸಮೇತ ನಾನು ಎತ್ತಿಕೊಂಡು ಹೋಗಬೇಕು. ಕೊಡೆಯನ್ನು ಅವಳು ತನ್ನ ತಲೆಗಷ್ಟೇ ಹಿಡಿದುಕೊಳ್ಳುತ್ತಿದ್ದಳು. ಆಟೋದೊಳಗಿನ ಮಕ್ಕಳು ‘ಪಾಪು ಬಂತು, ಪಾಪು ಬಂತು’ ಎಂದು ಕೂಗುತ್ತಿದ್ದರು. ಆಗ ಅವಳು ಮುಖವನ್ನು ನನ್ನ ಹೆಗಲಿಗೆ ಒತ್ತಿಕೊಳ್ಳುತ್ತಿದ್ದಳು. ನನ್ನ ಸೊಂಟ ನೋಯುತ್ತಿದ್ದದ್ದು ಬೇರೆ ವಿಷಯ, ಅದಕ್ಕಿಂತ ಇದು ಹೆಚ್ಚು ನೋಯುತ್ತಿತ್ತು.

ಬೇಸಿಗೆ ರಜೆಯಲ್ಲಿ ನನ್ನ ಹೆಂಡತಿ ಸುಮಾ ಮೊಬೈಲಿನಲ್ಲಿ ಒಂದು ಜಾಹೀರಾತು ತೋರಿಸಿದಳು. ಬೆಂಗಳೂರಿನಲ್ಲಿ ಐಸ್ ಮೇಲೆ ಸ್ಕೇಟಿಂಗ್ ಮಾಡುವವರ ಆಟ. ಮಕ್ಕಳು ಟಿವಿಯಲ್ಲಿ ನೋಡುವ ಕಾರ್ಟೂನ್ ಸಿನಿಮಾಗಳ ರಾಜಕುಮಾರಿಯರು, ಪ್ರಾಣಿಗಳು ಎಲ್ಲರೂ ಐಸ್ ಮೇಲೆ ಬರುತ್ತಾರಂತೆ. “ಜಾರೋದನ್ನೇ ಕಲ್ತು ಅದ್ರಲ್ಲೇ ಬದುಕೋರು ಇದಾರೆ ಕಣ್ರೀ. ಮಗು ಒಂದ್ಸಲ ನೋಡ್ಲಿ. ಮಳೆ ಶುರುವಾಗೋದ್ರೊಳಗೆ ಇವಳ ಭಯ ಹೋಗ್ಬೇಕು” ಎಂದಳು. “ಜಾರೋದು ನೋಡೋಕೆ ಬೆಂಗಳೂರಿಗೆ ಹೋಗ್ಬೇಕಾ? ನಮ್ಮಂಗಳ ಇಲ್ವಾ?” ಎಂದೆ. ನನ್ನ ಮಾತು ನಮ್ಮ ಮನೆಯಲ್ಲಿ ಎಷ್ಟು ನಡೆಯುತ್ತದೆಯೋ ಅಷ್ಟೇ ನಡೆದು, ಆ ಶನಿವಾರವೇ ನಾವು ಬಸ್ಸು ಹತ್ತಿದೆವು.

ಸುಮಾ ಹಟ ಮಾಡಿ ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ ಸೀಟು ಹಿಡಿದಿದ್ದಳು. ಎದುರಿಗೆ ದೊಡ್ಡ ಬಿಳಿ ನೆಲ. ನನ್ನ ಕಣ್ಣಿಗೆ ಅದು ಕಾಫಿ ಒಣಗಿಸುವ ಕಣದ ಹಾಗೆ ಕಂಡಿತು. ಅಷ್ಟು ಸಮತಟ್ಟಾದ ಜಾಗದಲ್ಲಿ ಎಷ್ಟು ಹಣ್ಣು ಹರಡಬಹುದಿತ್ತು ಎಂದು ಲೆಕ್ಕ ಹಾಕುವಷ್ಟರಲ್ಲಿ ದೀಪ ಆರಿ ಆಟ ಶುರುವಾಯಿತು. ಕಣಕ್ಕೆ ಚಪ್ಪಲಿ ಹಾಕಿಕೊಂಡು ಇಳಿದವರನ್ನು ಬೈದು ಅಭ್ಯಾಸವಿರುವ ನನಗೆ, ಕಾಲಿಗೆ ಕತ್ತಿ ಕಟ್ಟಿಕೊಂಡು ಇಳಿದವರನ್ನು ಕಂಡು ಮನಸ್ಸು ಕೆಟ್ಟಿತು. ರಾಜಕುಮಾರಿಯರು ಬಂದರು. ಮೀನಿನ ಬಾಲದ ಹುಡುಗಿಯೊಬ್ಬಳು ಬಂದಳು. ನೀರೆಲ್ಲ ಗಟ್ಟಿಯಾದ ಮೇಲೂ ಆಕೆ ಸಂತೋಷವಾಗಿಯೇ ಇದ್ದಳು. ನಮ್ಮ ಇಂಚರ ಮಾತ್ರ ನನ್ನ ಸ್ವೆಟರಿನ ತೋಳು ಹಿಡಿದು, ಯಾರಾದರೂ ಗಿರ್ರನೆ ತಿರುಗಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಸುಮಾಳ ಔಷಧಿ ನಾಟುವ ಹಾಗೆ ಕಾಣಲಿಲ್ಲ.

ಆಮೇಲೆ ಒಂದು ಕರಡಿ ಬಂತು. ಕರಡಿಯೆಂದರೆ ಕರಡಿಯ ವೇಷ ತೊಟ್ಟ ಮನುಷ್ಯ. ಅಲ್ಲಿಯವರೆಗೆ ಬಡಿಯುತ್ತಿದ್ದ ವಾದ್ಯಗಳೆಲ್ಲ ನಿಂತವು. ಕರಡಿ ಒಂದು ಕಾಲೆತ್ತಿಕೊಂಡು, ಬೆನ್ನು ನಮ್ಮ ಕಡೆ ಮಾಡಿ, ಹಿಂದೆ ಏನಿದೆಯೆಂದೂ ನೋಡದೆ ಹಿಮ್ಮುಖವಾಗಿ ನಮ್ಮತ್ತಲೇ ಜಾರಿಕೊಂಡು ಬರತೊಡಗಿತು. ಇಡೀ ಸಭಾಂಗಣ ಉಸಿರು ಬಿಗಿಹಿಡಿದಿತ್ತು. ನಾನು ಮಾತ್ರ ಹಿಡಿದಿಡಲಾರದೆ ಹೋದೆ.

“ಏಯ್! ಜಾರುತ್ತೆ, ನೋಡ್ಕಂಡು!”

ಕರಡಿ ತಿರುಗಿ ನೋಡಿತು. ನೋಡಿದ್ದೇ ದಬಕ್ಕನೆ ಕುಂಡಿಯೂರಿ ಬಿದ್ದು, ಹಾಗೆಯೇ ಜಾರಿ ಬಂದು, ನಮ್ಮ ಕಾಲ ಬುಡದ ಅಡ್ಡಗೋಡೆಗೆ ತಾಗಿ ನಿಂತಿತು. ಸುಮಾ ನನ್ನ ಪರಿಚಯವೇ ಇಲ್ಲದವಳ ಹಾಗೆ ಮೇಲಿನ ದೀಪಗಳನ್ನು ನೋಡತೊಡಗಿದಳು. ಹಿಂದೆ ಕೂತಿದ್ದ ಹಿರಿಯರೊಬ್ಬರು “ಯಾವೂರು ಸಾರ್ ನಿಮ್ದು?” ಎಂದರು. “ಕೊಡಗು” ಎಂದೆ. “ಅದಕ್ಕೇ” ಎಂದರು. ಏನು ಅದಕ್ಕೇ ಎಂದು ವಿಚಾರಿಸುವ ಧೈರ್ಯವಾಗಲಿಲ್ಲ. ಅಷ್ಟರಲ್ಲಿ ಕರಡಿ ಎದ್ದು, ಹಿಂಭಾಗ ಕೊಡವಿಕೊಂಡು, ಎರಡೂ ಕೈ ಅಗಲಿಸಿ ಜನರಿಗೆ ತಲೆ ಬಾಗಿಸಿತು. ಅಲ್ಲಿಯವರೆಗೆ ಯಾವ ರಾಜಕುಮಾರಿಗೂ ಸಿಗದಂಥ ಚಪ್ಪಾಳೆ ಅದಕ್ಕೆ ಸಿಕ್ಕಿತು.

ಇಂಚರ ಕಣ್ಣರಳಿಸಿ ಕೇಳಿದಳು: “ಬಿದ್ದೋರಿಗೂ ಚಪ್ಪಾಳೆ ತಟ್ತಾರಾ?”

“ಎದ್ರೆ ತಟ್ತಾರೆ” ಎಂದಳು ಸುಮಾ.

ಮಗಳು ನನ್ನ ಸ್ವೆಟರಿನ ತೋಳು ಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ, “ಅಪ್ಪ, ಕರಡಿ ತಾನಾಗೇ ಬಿದ್ದಿದ್ದಲ್ಲ. ನೀನು ಕೂಗಿದ್ಯಲ್ಲ, ಅದಕ್ಕೆ ತಿರುಗಿ ನೋಡ್ತು. ಅವತ್ತು ಅಂಗಳದಲ್ಲಿ ನಾನೂ ಹಂಗೇ ಬಿದ್ದಿದ್ದು” ಎಂದಳು. ಅದರಲ್ಲಿ ದೂರು ಏನೂ ಇರಲಿಲ್ಲ, ಹಾಜರಿ ಹೇಳುವ ಹಾಗೆ ಹೇಳಿದಳು. ನನ್ನ ಪರಿಚಯ ಮರೆತಿದ್ದ ಸುಮಾಳಿಗೆ ಅದು ಥಟ್ಟನೆ ನೆನಪಾಗಿ, ನನ್ನನ್ನೇ ನೋಡಿದಳು. ನನಗೆ ನಾಚಿಕೆಯಾಯಿತು. ಒಂದು ಮಳೆಗಾಲವಿಡೀ ಮಗಳನ್ನು ಎತ್ತಿಕೊಂಡು ಓಡಾಡಿದ್ದು ನನ್ನ ಗಂಟಲಿಗೆ ತೆತ್ತ ದಂಡವೆಂದು ಯಾರಿಗೆ ಗೊತ್ತಿತ್ತು? ಆಮೇಲಿನ ಆಟದಲ್ಲಿ ಏನಾಯಿತೋ ನನಗೆ ತಿಳಿಯದು. ಇಂಚರ ಕಣ್ಣು ಮುಚ್ಚದೆ ನೋಡಿದಳಂತೆ.

ಜೂನ್ ಬಂತು, ಮಳೆಯೂ ಬಂತು. ಗೇಟಿನಲ್ಲಿ ಆಟೋ ಹಾರ್ನ್ ಹೊಡೆಯಿತು. ನಾನು ಅಭ್ಯಾಸಬಲದಿಂದ ಬಗ್ಗಿ ಕೈ ಚಾಚಿದೆ. “ಬೇಡ ಅಪ್ಪ, ನಾನೇ ಹೋಗ್ತೀನಿ. ನೀನು ಕೂಗ್ಬಾರ್ದು, ಅಷ್ಟೇ” ಎಂದಳು. ಮೆಟ್ಟಿಲ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನಿಂತೆ. ಅವಳು ಕೊಡೆ ಹಿಡಿದು ಒಂದೊಂದೇ ಹೆಜ್ಜೆ ಊರುತ್ತ ಹೋದಳು. ನಡು ಅಂಗಳದಲ್ಲಿ ಕಾಲು ಸರ್ರೆಂದಿತು. ಮಾತು ನನ್ನ ಹಲ್ಲಿನವರೆಗೆ ಬಂತು, ನುಂಗಿದೆ. ಅವಳು ಓಲಾಡಿದಳು, ನಿಂತಳು, ಮತ್ತೆ ನಡೆದಳು. ಆಟೋ ಹತ್ತಿ ಕೈ ಬೀಸಿದಳು. ‘ಪಾಪು’ ಎಂದು ಯಾರೂ ಕೂಗಲಿಲ್ಲ. ನನಗಾದ ಸಂತೋಷಕ್ಕೆ ನಾನೂ ಕೈ ಬೀಸುತ್ತ, ಕಾಲ ಕೆಳಗೆ ನೋಡದೆ ಒಂದು ಮೆಟ್ಟಿಲು ಇಳಿದೆ.

ಬಿದ್ದ ಸದ್ದು ಗೇಟಿನವರೆಗೆ ಕೇಳಿಸಿರಬೇಕು. ಮೊದಲು ಇಂಚರ ಚಪ್ಪಾಳೆ ತಟ್ಟಿದಳು, ಆಮೇಲೆ ಆಟೋದಲ್ಲಿದ್ದ ಮಕ್ಕಳೆಲ್ಲ ತಟ್ಟಿದರು. ಬೇರೆ ದಾರಿಯಿರಲಿಲ್ಲ. ಎದ್ದೆ, ಹಿಂಭಾಗ ಕೊಡವಿಕೊಂಡೆ, ಎರಡೂ ಕೈ ಅಗಲಿಸಿ ತಲೆ ಬಾಗಿಸಿದೆ. ಅಷ್ಟರಲ್ಲಿ ಬೆನ್ನ ಹಿಂದಿನಿಂದ ಸುಮಾ “ರೀ! ಜಾರುತ್ತೆ, ನೋಡ್ಕಂಡು!” ಎಂದು ಕೂಗಿದಳು.

ನಾನು ತಿರುಗಿ ನೋಡಿದೆ. ಎರಡನೇ ಚಪ್ಪಾಳೆ ಮೊದಲಿನದಕ್ಕಿಂತ ಜೋರಾಗಿತ್ತು.