ಇಸಿಜಿ ಪೆಟ್ಟಿಗೆ ಹೊತ್ತವನ ಪಾಡು

ಹೃದಯದ ಕಾಯಿಲೆಯಲ್ಲಿ ನಗುವಂಥದ್ದು ಏನೂ ಇಲ್ಲ. ಆದರೆ ಇಸಿಜಿ ತೆಗೆಯುವವನ ಮುಂದೆ ಜನ ಅಂಗಿ ಬಿಚ್ಚಿ ಮಲಗಿದ ಕೂಡಲೇ ಏನಾದರೊಂದು ಆಗಿಯೇ ಆಗುತ್ತದೆ. ಎಪ್ಪತ್ತರ ದಶಕದ ಕೊನೆಗೆ ನಾನು ಮೂಡುಬಿದಿರೆಯ ಒಬ್ಬ ಡಾಕ್ಟರರ ಬಳಿ ಆ ಕೆಲಸಕ್ಕೆ ಸೇರಿದೆ. ಪೆಟ್ಟಿಗೆಯಂಥ ಯಂತ್ರವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂಟ್ವಾಳ, ಬೆಳ್ತಂಗಡಿಗೂ ಹೋಗುತ್ತಿದ್ದೆ.

೧. ನೆಟ್ಟಗಿನ ಗೆರೆ

ಬಂಟ್ವಾಳದ ಒಂದು ಮನೆ. ಯಜಮಾನರು ಮಲಗಿದ್ದರು. ಅವರ ಭಾವ ಯಂತ್ರದ ಪಕ್ಕವೇ ನಿಂತು ಎಲ್ಲ ವಿಚಾರಿಸುತ್ತಿದ್ದರು.

"ಗೆರೆ ಮೇಲೆ ಕೆಳಗೆ ಹೋದರೆ ಜೀವ ಉಂಟು ಅಂತ, ಅಲ್ವಾ?"

ಹೌದೆಂದೆ. ಅಷ್ಟರಲ್ಲಿ ಕೈಗೆ ಕಟ್ಟಿದ ವಯರು ಕಳಚಿತು. ಯಂತ್ರದ ಮುಳ್ಳು ಕಾಗದದ ಮೇಲೆ ನೆಟ್ಟಗೆ ಗೆರೆ ಎಳೆಯತೊಡಗಿತು.

"ಅಯ್ಯೋ, ಭಾವ ಹೋದರು!" ಎಂದವರೇ ಗೋಡೆಗೊರಗಿ ಕುಸಿದರು.

ಯಜಮಾನರು ಎದ್ದು, ಭಾವನ ಮುಖಕ್ಕೆ ನೀರು ಚಿಮುಕಿಸಿ, ನನ್ನತ್ತ ತಿರುಗಿದರು. "ಮೊದಲು ಇವರದ್ದು ತೆಗೀರಿ. ನನ್ನದಕ್ಕೆ ಅರ್ಜೆಂಟಿಲ್ಲ."

೨. ಬಿಟ್ಟುಹೋದ ಅಕ್ಷರಗಳು

ಬೆಳ್ತಂಗಡಿಯಲ್ಲಿ ನಿವೃತ್ತ ಹೆಡ್‌ಮಾಸ್ಟರರೊಬ್ಬರು ತಮ್ಮ ಇಸಿಜಿ ಕಾಗದ ಹಿಡಿದು, "ಇದನ್ನು ಸ್ವಲ್ಪ ವಿವರಿಸಿ" ಎಂದರು. ನಾನೂ ಉತ್ಸಾಹದಿಂದ, ಮೊದಲ ಸಣ್ಣ ಉಬ್ಬಿಗೆ ಪಿ ಎನ್ನುತ್ತಾರೆ, ಆಮೇಲೆ ಕ್ಯೂ, ಆರ್, ಎಸ್, ಕೊನೆಗೆ ಟಿ ಎಂದು ಬೆರಳಿಟ್ಟು ತೋರಿಸಿದೆ. ಮಾಸ್ಟ್ರ ಹುಬ್ಬು ಗಂಟಾಯಿತು.

"ಎ ಇಂದ ಓ ವರೆಗೆ ಯಾಕೆ ಬಿಟ್ಟದ್ದು?"

"ಅದೆಲ್ಲ ಇಲ್ಲ ಸರ್. ಹೃದಯದ್ದು ಪಿಯಿಂದಲೇ ಶುರು."

"ನೋಡಿ, ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವ ನಾನು. ಮೊದಲಿನ ಹದಿನೈದು ಪ್ರಶ್ನೆ ಬಿಟ್ಟು ನಡುವಿನ ಐದಕ್ಕೆ ಮಾತ್ರ ಬರೆದವನನ್ನು ಪಾಸು ಮಾಡಿದ್ದಿಲ್ಲ. ಉಳಿದದ್ದು ಮಂಗಳೂರಿನಲ್ಲಿ ತೆಗೀತಾರಾ ಹೇಳಿ, ನಾಳೆಯೇ ಹೋಗ್ತೇನೆ."

೩. ಕಿಟಕಿ ಕಡೆಯ ಕೈ

ಇದು ನಮ್ಮ ಕ್ಲಿನಿಕ್ಕಿನಲ್ಲೇ ನಡೆದದ್ದು. ನಾರಾವಿ ಕಡೆಯ ಹುಡುಗನೊಬ್ಬನಿಗೆ ಮದುವೆ ಮಾತು ನಡೆದಿತ್ತು. ಅವನ ತಂದೆ ಹೃದಯಾಘಾತದಿಂದ ತೀರಿಕೊಂಡಿದ್ದರು. ಹಾಗಾಗಿ ಲಾಯಿಲದ ಹುಡುಗಿಯ ತಂದೆ, "ಜಾತಕ ಕೂಡಿ ಬಂತು, ಹಾರ್ಟನ್ನೂ ಒಮ್ಮೆ ನೋಡುವ" ಎಂದು ತಾವೇ ಜೊತೆಗೆ ಬಂದಿದ್ದರು. ಹುಡುಗನ ತಾಯಿ ಒಂದೇ ಸಮನೆ ದೇವರ ಹೆಸರು ಹೇಳುತ್ತಿದ್ದರು. ಇದು ತಪ್ಪಿದರೆ ಇನ್ನು ಅವನಿಗೆ ಹೆಣ್ಣು ಕೊಡುವವರಿಲ್ಲ ಎಂಬ ಹೆದರಿಕೆ ಅವರಿಗೆ.

ಬಲಗೈಗೆ ಕೆಂಪು ವಯರು, ಎಡಗೈಗೆ ಹಳದಿ ಎಂದು ಡಾಕ್ಟರು ಕಲಿಸಿದ್ದರು. ಸೋಮಾರಿಯಾದ ನಾನು ಅದನ್ನು ಕಿಟಕಿ ಕಡೆಯ ಕೈಗೆ ಕೆಂಪು, ಗೋಡೆ ಕಡೆಯದಕ್ಕೆ ಹಳದಿ ಎಂದು ಸುಲಭ ಮಾಡಿಕೊಂಡಿದ್ದೆ. ಅವತ್ತೂ ಹಾಗೆಯೇ ಕಟ್ಟಿದೆ.

ಕಾಗದ ನೋಡಿದ ಡಾಕ್ಟರು, "ಗೆರೆ ತಲೆಕೆಳಗಾಗಿದೆ. ಹೃದಯ ಬಲಗಡೆ ಇರುವ ಹಾಗೆ ಕಾಣ್ತದೆ" ಎಂದರು. ಹುಡುಗಿಯ ತಂದೆ ಕೊಡೆ ಕೈಗೆತ್ತಿಕೊಂಡರು. ತಾಯಿ ಅಳತೊಡಗಿದರು.

ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು ನೋಡಿದರೆ ಬಡಿತ ಎಡಗಡೆಯೇ! ಮಂಚದತ್ತ ನೋಡಿದರು. ತಲೆ ಇರಬೇಕಾದಲ್ಲಿ ಹುಡುಗನ ಕಾಲು, ಕಿಟಕಿ ಕಡೆಗೆ ಎಡಗೈ.

"ತಿರುಗಿ ಯಾಕೆ ಮಲಗಿದ್ದು ಮಾರಾಯ?"

"ಅಮ್ಮ ಹೇಳಿದ್ರು."

ತಾಯಿ ಕಣ್ಣೊರೆಸಿಕೊಂಡರು. "ಉತ್ತರಕ್ಕೆ ತಲೆ ಹಾಕಿ ಮಲಗ್ತಾರಾ ಡಾಕ್ಟ್ರೇ? ಅದೂ ಮದುವೆ ಆಗುವ ಹುಡುಗ!"

ಆಗ ಡಾಕ್ಟರು ನನ್ನನ್ನು ನೋಡಿದ ನೋಟಕ್ಕೆ ನನ್ನ ಇಸಿಜಿ ತೆಗೆದಿದ್ದರೆ ಕಾಗದ ಸಾಲುತ್ತಿರಲಿಲ್ಲ. ವಯರು ಬದಲಿಸಿ ಮತ್ತೆ ತೆಗೆದೆ. ಎಲ್ಲ ಸರಿಯಾಗಿತ್ತು. ಆದರೆ ಹುಡುಗಿಯ ತಂದೆ ಕೊಡೆ ಕೆಳಗಿಡಲಿಲ್ಲ.

"ಹಾರ್ಟ್ ಸರಿ ಉಂಟು, ಒಪ್ಪಿದೆ. ಆದರೆ ಅಮ್ಮ ಹೇಳಿದ ಕಡೆಗೇ ತಲೆ ಹಾಕುವವ ನನ್ನ ಮಗಳ ಮಾತು ಯಾವಾಗ ಕೇಳುವುದು?"

ಹುಡುಗ ತಾಯಿಯ ಮುಖ ನೋಡಿದ. ತಾಯಿಯೇ ಹೇಳಿದರು: "ಮದುವೆ ಆದ ಮೇಲೆ ಅವಳು ಹೇಳಿದ ಕಡೆಗೇ ತಲೆ ಹಾಕಲಿ, ನನ್ನದೇನೂ ಅಡ್ಡಿ ಇಲ್ಲ. ಉತ್ತರ ಒಂದು ಬಿಟ್ಟು!"