ಮಕ್ಕಳನ್ನು ಕೇಳಿಕೊಂಡು ಮನೆಮನೆಗೆ

ಹೆಣ್ಣು ಕೇಳಿಕೊಂಡು ಹೋಗುವವರನ್ನು ನೀವು ನೋಡಿರುತ್ತೀರಿ. ಸರ್ಕಾರಿ ಶಾಲೆಯವರಾದ ನಾವು ವರ್ಷಕ್ಕೊಂದು ಸಲ ಮಕ್ಕಳನ್ನು ಕೇಳಿಕೊಂಡು ಹೋಗುತ್ತೇವೆ. ಹೆಣ್ಣಿನ ಮನೆಯವರಾದರೆ ಉಪ್ಪಿಟ್ಟು, ಕಾಫಿ ಕೊಟ್ಟು ಆಮೇಲೆ "ಯೋಚನೆ ಮಾಡಿ ಹೇಳ್ತೀವಿ" ಅನ್ನುತ್ತಾರೆ. ನಮಗೆ ಉಪ್ಪಿಟ್ಟಿಲ್ಲದೆ ಅದೇ ಉತ್ತರ. ಹಾಗೆ ಹೋಗಿ ನಗುವಂಥದ್ದು ಏನೂ ನಡೆಯದೆ ವಾಪಸ್ಸು ಬಂದ ವರ್ಷ ಮಾತ್ರ ನನಗೆ ನೆನಪಿಲ್ಲ.

ತಿಪಟೂರಿನ ಹೊರಗಿನ ಬಡಾವಣೆಯೊಂದರ ಪ್ರಾಥಮಿಕ ಶಾಲೆಯಲ್ಲಿ ನಾನು ಮುಖ್ಯ ಶಿಕ್ಷಕಿ. ಮೊದಲು ಶಾಲೆಯ ಸುತ್ತ ಬರೀ ತೆಂಗಿನ ತೋಟ ಇತ್ತು. ಈಗ ಅರ್ಧ ತೋಟ, ಅರ್ಧ ಸೈಟು. ತೋಟದವರ ಮಹಡಿ ಮನೆ, ಅದರ ಬೆನ್ನಿಗೇ ಕಾಯಿ ಸುಲಿಯುವವರ ಶೀಟಿನ ಮನೆಗಳು, ಎದುರಿಗೆ ಆಫೀಸಿಗೆ ಹೋಗುವವರ ಬಾಡಿಗೆ ಮನೆ, ಮೂಲೆಯಲ್ಲಿ ಟೈಲರ್ ಅಂಗಡಿ, ಅದರಾಚೆ ಗ್ಯಾರೇಜು. ಇಷ್ಟು ಒತ್ತಿಕೊಂಡು ಬದುಕುವ ಜನ ಬೆಳಿಗ್ಗೆ ಆಯಿತೆಂದರೆ ಮಕ್ಕಳನ್ನು ಒಂದೊಂದು ದಿಕ್ಕಿಗೆ ಕಳಿಸುತ್ತಾರೆ. ಯಾವ ಬಣ್ಣದ ವ್ಯಾನು ಯಾರ ಬಾಗಿಲಿಗೆ ಬಂತು ಅನ್ನುವುದನ್ನು ನೋಡಿ ಅವರು ಎಂಥವರೆಂದು ಬೀದಿ ತೀರ್ಮಾನ ಮಾಡುತ್ತದೆ. ಯಾವ ವ್ಯಾನೂ ಬರದ ಮನೆಯ ಮಕ್ಕಳು ನಮ್ಮವು. ಅವೂ ಕಡಿಮೆಯಾದರೆ ಶಾಲೆಯನ್ನೇ ಬೇರೆ ಕಡೆ ಸೇರಿಸಿಬಿಡುತ್ತಾರೆ ಎಂಬ ಹೆದರಿಕೆ ನಮಗೆ. ಅದಕ್ಕೇ ಈ ಮನೆಮನೆ ತಿರುಗಾಟ.

ಮೇಷ್ಟ್ರ ಭಾಷಣ

ನಮ್ಮ ಗಣಿತದ ಮೇಷ್ಟ್ರು ಮಾತಿನಲ್ಲಿ ಗಟ್ಟಿಗರು. ಮನೆಮನೆಗೆ ಹೋಗುವಾಗ ಅವರನ್ನೇ ಮುಂದೆ ಬಿಟ್ಟು ನಾನು ಹಿಂದೆ ನಿಲ್ಲುತ್ತೇನೆ. ಒಂದು ಸಲ ಟೈಲರ್ ಮನೆಗೆ ಹೋದೆವು. ಟೈಲರ್ ಹೆಂಡತಿ ನಮ್ಮಿಬ್ಬರಿಗೂ ಕುರ್ಚಿ ಹಾಕಿ, ಮಜ್ಜಿಗೆ ಕೊಟ್ಟು, ಮಗಳನ್ನು ಎಲ್ಲಿಗೆ ಸೇರಿಸುವುದೋ ಇನ್ನೂ ತೋಚಿಲ್ಲ ಅಂದರು. ಅವರ ಯಜಮಾನರಿಗೆ ಕಾನ್ವೆಂಟ್ ಆಸೆ, ಇವರಿಗೆ ಮಗು ಕಣ್ಣೆದುರಿಗೇ ಇರಲಿ ಅಂತ.

ಇಷ್ಟು ಸಿಕ್ಕಿದರೆ ಮೇಷ್ಟ್ರಿಗೆ ಸಾಕು. ಸರ್ಕಾರಿ ಶಾಲೆಯ ಮೇಷ್ಟ್ರುಗಳು ಎಷ್ಟು ಓದಿರುತ್ತಾರೆ, ಎಂಥ ಪರೀಕ್ಷೆ ಪಾಸು ಮಾಡಿ ಬಂದಿರುತ್ತಾರೆ, ಖಾಸಗಿಯಲ್ಲಿ ಟೈ ಕಟ್ಟಿಸುತ್ತಾರೆಯೇ ಹೊರತು ತಲೆಗೆ ಏನೂ ಹಾಕುವುದಿಲ್ಲ, ಆ ವ್ಯಾನುಗಳಲ್ಲಿ ಮಕ್ಕಳನ್ನು ಕಾಯಿ ತುಂಬಿದ ಹಾಗೆ ತುಂಬುತ್ತಾರೆ ಎಂದು ಒಂದೇ ಉಸಿರಿಗೆ ಹೇಳಿದರು. ಆಕೆ ತಲೆದೂಗುತ್ತಾ ಕೇಳುತ್ತಿದ್ದರು. ಒಪ್ಪಿಯೇಬಿಟ್ಟರು ಅಂತ ನನಗೂ ಅನ್ನಿಸಿತು.

ಅಷ್ಟರಲ್ಲಿ ಹಳದಿ ವ್ಯಾನೊಂದು ಬಂದು ಎದುರು ಮನೆಯ ಮುಂದೆ ನಿಂತಿತು. ಎದುರು ಮನೆಯ ಮಗು ಇಳಿಯಿತು. ವ್ಯಾನಿನ ಕಿಟಕಿಯಿಂದ ಎರಡು ಜಡೆಯ ಹುಡುಗಿಯೊಬ್ಬಳು ತಲೆ ಹೊರಗೆ ಹಾಕಿ, "ಪಪ್ಪಾ, ನೀವಿಲ್ಲೇನ್ ಮಾಡ್ತಿದೀರಾ?" ಅಂದಳು. ಅವಳ ಕೊರಳಲ್ಲಿ ಟೈ ಇತ್ತು. ಮೇಷ್ಟ್ರು ಮಜ್ಜಿಗೆ ಲೋಟದೊಳಗೆ ಮುಖ ಇಟ್ಟರು. ವ್ಯಾನು ಹೊರಟರೂ ಹುಡುಗಿ ಕೈ ಬೀಸುವುದನ್ನು ಬಿಡಲಿಲ್ಲ.

ಟೈಲರ್ ಹೆಂಡತಿ ಒಂದಿಷ್ಟೂ ನಗಲಿಲ್ಲ. ಖಾಲಿ ಲೋಟ ಈಸಿಕೊಂಡು ಬಹಳ ಮರ್ಯಾದೆಯಿಂದಲೇ ಕೇಳಿದರು: "ಬಂದಿದ್ದು ಬಂದಿದೀರಾ ಸಾರ್, ಆ ಶಾಲೆ ಹೆಂಗೆ ಅಂತಲೂ ಒಂದ್ ಮಾತು ಹೇಳ್ಬುಟ್ಟು ಹೋಗಿ. ನಿಮಗಾದ್ರೆ ಸರಿಯಾಗಿ ಗೊತ್ತಿರ್ತದೆ."

ಮಗು ಕೊನೆಗೆ ನಮ್ಮ ಶಾಲೆಗೇ ಸೇರಿತು. ಮೇಷ್ಟ್ರು ಮಾತ್ರ ಅಂದಿನಿಂದ ಯಾವ ಬೀದಿಗೆ ಕರೆದರೂ ಮೊದಲು ಕೇಳುವುದು ಒಂದೇ: "ಮೇಡಂ, ಆ ಕಡೆ ವ್ಯಾನು ಎಷ್ಟೊತ್ತಿಗೆ ಬರುತ್ತೆ?"

ಪ್ರಾರ್ಥನೆಗೆ ಮಾತ್ರ

ನಮ್ಮ ಶಾಲೆಗೂ ಒಂದು ಮನೆಗೂ ನಡುವೆ ಇರುವುದು ಒಂದು ಗೋಡೆ ಮಾತ್ರ. ನಾವು ಗಂಟೆ ಹೊಡೆದರೆ ಅವರ ಅಡಿಗೆಮನೆಯಲ್ಲಿ ಪಾತ್ರೆ ಅದುರುತ್ತದೆ. ಆ ಮನೆಯ ಹುಡುಗಿ ಓದುವುದು ಊರಾಚೆಯ ಕಾನ್ವೆಂಟಿನಲ್ಲಿ. ವ್ಯಾನು ಮೊದಲು ಇವರ ಬಾಗಿಲಿಗೆ ಬಂದು, ಆಮೇಲೆ ಹಳ್ಳಿಗಳನ್ನೆಲ್ಲ ಸುತ್ತಿ ಮಕ್ಕಳನ್ನು ತುಂಬಿಕೊಂಡು, ಕಾನ್ವೆಂಟಿಗೆ ಹೋಗುವಾಗ ಮತ್ತೆ ಇವರ ಬಾಗಿಲ ಮುಂದೆಯೇ ಹಾದು ಹೋಗುತ್ತದೆ. ಹುಡುಗಿ ಜಾಣೆ. ಮೊದಲನೆಯ ಸಲ ಹತ್ತಿದರೆ ಊರೂರು ಸುತ್ತಬೇಕು, ಎರಡನೆಯ ಸಲ ಹತ್ತಿದರೆ ನೇರ ಶಾಲೆ ಎಂದು ಕಂಡುಕೊಂಡು ಡ್ರೈವರಣ್ಣನಿಗೆ ಹೇಳಿ ಒಪ್ಪಿಸಿದ್ದಳು. ಅಮ್ಮ ಗೇಟಿನ ತನಕ ಬಂದು ಟಾಟಾ ಮಾಡಿ ಒಳಗೆ ಹೋಗುತ್ತಿದ್ದರು. ಅವರು ಅತ್ತ ತಿರುಗಿದ ಮೇಲೆ ಇವಳು ಇತ್ತ ನಮ್ಮ ಶಾಲೆಗೆ ಬಂದು ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲುತ್ತಿದ್ದಳು. ಪ್ರಾರ್ಥನೆ ಮುಗಿದು ಮಕ್ಕಳು ತರಗತಿಗೆ ಹೊರಟಾಗ ಮೆಲ್ಲಗೆ ಹೊರಗೆ ಜಾರಿ, ತಿರುಗಿ ಬಂದ ವ್ಯಾನು ಹತ್ತುತ್ತಿದ್ದಳು.

ನಮಗಿದು ಬಹಳ ದಿನ ಗೊತ್ತೇ ಆಗಲಿಲ್ಲ. ಒಂದನೆಯ ತರಗತಿಯ ಟೀಚರ್ ಎರಡನೆಯದರ ಹುಡುಗಿ ಅಂದುಕೊಂಡರು, ಎರಡನೆಯದರವರು ಒಂದನೆಯದರವಳು ಅಂದುಕೊಂಡರು. ಯೂನಿಫಾರ್ಮ್ ಬೇರೆಯಲ್ಲವೇ ಅಂದರೆ, ನಮ್ಮಲ್ಲಿ ಅರ್ಧ ಮಕ್ಕಳು ಅಕ್ಕನದೋ ಪಕ್ಕದ ಮನೆಯವರದೋ ಬಟ್ಟೆ ಹಾಕಿಕೊಂಡು ಬರುತ್ತವೆ. ಕೇಳುವವರು ಯಾರು? ಹುಡುಗಿಯ ಗಂಟಲು ಮಾತ್ರ ಬಂಗಾರ. ನಾಡಗೀತೆಗೆ ಅವಳನ್ನೇ ಮುಂದೆ ನಿಲ್ಲಿಸುತ್ತಿದ್ದೆವು. ಸ್ವಾತಂತ್ರ್ಯ ದಿನಾಚರಣೆಗೆ ಚೆನ್ನಾಗಿ ಹಾಡುವ ಮಗು ಎಂದು ಸ್ಟೀಲ್ ಡಬ್ಬಿಯನ್ನೂ ಕೊಟ್ಟೆವು.

ಮಾರನೆಯ ದಿನ ಆ ಡಬ್ಬಿ ಹಿಡಿದುಕೊಂಡು ಅವಳ ಅಮ್ಮ ಬಂದರು. ನಿಮ್ಮ ಶಾಲೆಯದಲ್ಲದ ಮಗುವಿಗೆ ಬಹುಮಾನ ಹೇಗೆ ಕೊಟ್ಟಿರಿ ಎಂದು ಅವರು, ನಮ್ಮ ಶಾಲೆಯದಲ್ಲ ಅಂದರೇನು ಎಂದು ನಾವು. ಎಲ್ಲ ಬಿಡಿಸಿದ ಮೇಲೆ ನಾನೇ ಸ್ವಲ್ಪ ಆಸೆಯಿಂದ, ಮಗುವಿಗೆ ಇಲ್ಲೇ ಮನಸ್ಸಿದ್ದ ಹಾಗಿದೆ, ಇಲ್ಲೇ ಸೇರಿಸಿಬಿಡಿ ಅಂದೆ. ಅವರು ಡಬ್ಬಿಯನ್ನು ಸೆರಗಿನೊಳಗೆ ಸೇರಿಸಿಕೊಂಡರು. "ಹಂಗ್ಯಾಕೆ ಮೇಡಂ? ಈಗ ಇರೋ ಹಂಗೇ ಇರ್ಲಿ ಬುಡಿ. ಭಕ್ತಿ ನಿಮ್ಮಲ್ಲಿ ಕಲೀಲಿ, ಇಂಗ್ಲೀಷು ಅಲ್ಲಿ ಕಲೀಲಿ."

ದಿನಕ್ಕೊಂದು ಕಾರು

ನಮ್ಮಲ್ಲಿ ಇಂಗ್ಲೀಷ್ ಮೀಡಿಯಂ ವಿಭಾಗ ಶುರುವಾದ ವರ್ಷ, ತೋಟದವರ ಮನೆಯ ಸೊಸೆಯೊಬ್ಬರು ಮಗನನ್ನು ಕರೆತಂದರು. ಸೇರಿಸುವುದಕ್ಕೆ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದು, ಹುಡುಗನನ್ನು ಸ್ವಲ್ಪ "ಒಳ್ಳೆ ಮನೆತನದ" ಮಕ್ಕಳ ಹತ್ತಿರ ಕೂರಿಸಿ ಅಂದರು. ಇಲ್ಲಿ ಮಕ್ಕಳೇ ಜಾಗ ಹಿಡಿಯುತ್ತವೆ, ನಾವು ಕೂರಿಸುವುದಿಲ್ಲ ಅಂದೆ. ಅವರ ಮುಖ ಬಾಡಿತು, ಆದರೂ ಸೇರಿಸಿ ಹೋದರು.

ವಾರ ಕಳೆದ ಮೇಲೆ ದಾರಿಯಲ್ಲಿ ಸಿಕ್ಕಾಗ ಮುಖ ಅರಳಿತ್ತು. ಮಗನ ಬೆಂಚಿನಲ್ಲಿ ಯಾರು ಕೂರುತ್ತಾರೆಂದು ಕೇಳಿದ್ದರಂತೆ. ಅವನು, ನನ್ನ ಫ್ರೆಂಡ್ ಮನೆ ಮುಂದೆ ದಿನಾ ಒಂದೊಂದು ಕಾರು ನಿಂತಿರುತ್ತದೆ, ಒಂದು ದಿನ ಕೆಂಪು, ಒಂದು ದಿನ ಬಿಳಿ, ಒಂದು ದಿನ ಜೀಪು ಅಂದನಂತೆ. ನಮ್ಮ ಬಡಾವಣೆಯಲ್ಲಿ ಅಷ್ಟು ಸ್ಥಿತಿವಂತರು ಯಾರು ಮೇಡಂ, ಅವರ ಮನೆಯವರನ್ನು ಪರಿಚಯ ಮಾಡಿಕೊಳ್ಳಬೇಕು, ಮಗನ ಹುಟ್ಟುಹಬ್ಬಕ್ಕೆ ಕರೀಬೇಕು ಅಂತಿದ್ದೀನಿ ಅಂದರು. ನನಗೆ ಗೊತ್ತಿತ್ತು, ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬಸ್ಸು ಬಂತು, ಅವರು ಶೆಟ್ಟಿಕೆರೆಯ ತವರಿಗೆ ಹೊರಟೇಹೋದರು. ಮನೆಯ ಕಾರು ಕೆಟ್ಟಿದ್ದರಿಂದ ಆಗ ಅವರಿಗೂ ಬಸ್ಸೇ ಗತಿ.

ಹುಟ್ಟುಹಬ್ಬಕ್ಕೆ ಕೇಕಿನ ಮೇಲೆ ಏನು ಬರೆಸುವುದು ಎಂದು ಮಾತಾಡುತ್ತಿದ್ದಾಗ ತಾಯಿ ಮಗನನ್ನು ಕೇಳಿದರಂತೆ, ಇವತ್ತು ನಿನ್ನ ಫ್ರೆಂಡ್ ಮನೆ ಮುಂದೆ ಯಾವ ಕಾರಿತ್ತು ಅಂತ. ಹುಡುಗ ಏನೂ ಆಗದವನ ಹಾಗೆ ಹೇಳಿದ: "ಇವತ್ತು ನಮ್ ಕಾರೇ ಇತ್ತು. ಚಕ್ರ ಬಿಚ್ಚಿ ಮಲಗ್ಸಿದ್ರು."

ಮರುದಿನ ಬೆಳಿಗ್ಗೆ ಆಕೆ ನನ್ನ ಮುಂದೆ ಬಂದು ಕೂತರು. ಗ್ಯಾರೇಜಿನವನ ಮಗ ಅಂತ ನೀವಾದರೂ ಹೇಳಬಾರದಿತ್ತೇ ಎಂದು ಮುನಿಸು. ನಾನು, ಬೆಂಚು ಬದಲಿಸಬೇಕಾದರೆ ನಿಮ್ಮ ಮಗನಿಗೆ ನೀವೇ ಹೇಳಿ, ಇಬ್ಬರೂ ಒಂದೇ ಡಬ್ಬಿಯಲ್ಲಿ ಉಣ್ಣುತ್ತಾರೆ ಅಂದೆ. ಆಕೆ ಕಿಟಕಿಯಿಂದ ತರಗತಿಯ ಕಡೆ ನೋಡಿದರು. ಇಬ್ಬರು ಹುಡುಗರೂ ಡೆಸ್ಕನ್ನೇ ಸ್ಟಿಯರಿಂಗ್ ಮಾಡಿಕೊಂಡು ಹಂದನಕೆರೆಗೆ ಬಸ್ಸು ಓಡಿಸುತ್ತಿದ್ದರು. ಆಕೆ ಎದ್ದರು.

"ಈಗ್ಲೇ ಬ್ಯಾಡ ಬುಡಿ ಮೇಡಂ. ನಮ್ ಕಾರ್ ರಿಪೇರಿ ಆಗೋ ಗಂಟ ಅಲ್ಲೇ ಕೂತಿರ್ಲಿ."

ಆ ಕಾರು ಹಳೆಯದು. ಒಂದು ಸರಿಯಾದರೆ ಇನ್ನೊಂದು ಕೆಡುತ್ತದೆ. ಹುಡುಗರು ಈಗಲೂ ಒಂದೇ ಬೆಂಚಿನಲ್ಲಿದ್ದಾರೆ.

ಇಂಗ್ಲೀಷ್ ನಮಸ್ಕಾರ

ಇನ್ನೊಬ್ಬ ತೋಟದ ಯಜಮಾನರು ನಮ್ಮ ಶಾಲಾ ಸಮಿತಿಯಲ್ಲಿದ್ದಾರೆ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಮಾತು ಕಡಿಮೆ, ಗತ್ತು ಜಾಸ್ತಿ. ಮೊಮ್ಮಗನನ್ನು ನಮ್ಮಲ್ಲೇ ಸೇರಿಸಿದ್ದರು. ಕಾನ್ವೆಂಟ್ ಮಕ್ಕಳಿಗಿಂತ ಇವನು ಕಡಿಮೆಯಿಲ್ಲ ಎಂದು ತೋರಿಸಬೇಕಲ್ಲ, ಮನೆಗೆ ಯಾರು ಬಂದರೂ ಹುಡುಗನನ್ನು ಕರೆದು "ಇಂಗ್ಲೀಷಲ್ಲಿ ಮಾತಾಡ್ಸಪ್ಪ" ಅನ್ನುತ್ತಿದ್ದರಂತೆ. ಒಂದನೆಯ ತರಗತಿಯ ಹುಡುಗನಿಗೆ ತಡವರಿಸದೆ ಬರುತ್ತಿದ್ದದ್ದು ಒಂದೇ ವಾಕ್ಯ. ಕೈಕಟ್ಟಿ ನಿಂತು, ತಲೆ ಬಗ್ಗಿಸಿ, "ಮೇ ಐ ಗೋ ಟು ಟಾಯ್ಲೆಟ್" ಅನ್ನುತ್ತಿದ್ದ. ಅಜ್ಜನಿಗೆ ಅವನು ನಿಂತ ಭಂಗಿ ನೋಡಿ ಇದು ದೊಡ್ಡವರಿಗೆ ಮಾಡುವ ನಮಸ್ಕಾರ ಎಂದು ಖಾತ್ರಿಯಾಯಿತು. ಬಂದವರಲ್ಲಿ ಎಷ್ಟೋ ಜನಕ್ಕೆ ಅರ್ಥ ಗೊತ್ತಿರಲಿಲ್ಲ. ಗೊತ್ತಿದ್ದವರಿಗೆ ಯಜಮಾನರ ಮುಂದೆ ಹೇಳುವ ಧೈರ್ಯ ಇರಲಿಲ್ಲ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಆಗ ನಮಗಿದ್ದ ದೊಡ್ಡ ಸಂಕಟ ಹೆಣ್ಣುಮಕ್ಕಳ ಶೌಚಾಲಯ. ಬಾಗಿಲನ್ನು ಗೆದ್ದಲು ತಿಂದು ಹಾಕಿತ್ತು. ಯಾವ ಮನೆಗೆ ಹೋದರೂ ತಾಯಂದಿರು ಮೊದಲು ಅದನ್ನೇ ಕೇಳಿ, ಬಾಗಿಲಿಲ್ಲದ ಕಡೆಗೆ ಹೆಣ್ಣು ಹುಡುಗರನ್ನು ಹೆಂಗೆ ಕಳಿಸೋದು ಅನ್ನುತ್ತಿದ್ದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ನಾನು ಎಷ್ಟು ಸಲ ಕೇಳಿಕೊಂಡರೂ ಮೇಲಿನಿಂದ ಬರುವ ಉತ್ತರ ಮುಂದಿನ ವರ್ಷ ನೋಡೋಣ ಎಂದೇ. ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆಂದು ಶಾಲೆಗೆ ಬಂದರೂ ಆಫೀಸು ರೂಮಿನಲ್ಲಿ ಎಳನೀರು ಕುಡಿದು, ಗೋಡೆಯ ಮೇಲಿನ ಚಿತ್ರ ಹೊಗಳಿ ಜೀಪು ಹತ್ತುತ್ತಿದ್ದರು. ಹಿತ್ತಲ ಕಡೆ ಬನ್ನಿ ಅಂದರೆ ಅವರಿಗೆ ಯಾವಾಗಲೂ ಹೊತ್ತಾಗಿರುತ್ತಿತ್ತು.

ಆ ವರ್ಷವೂ ಬಂದರು. ಬಿಸಿಲಿತ್ತು. ಯಜಮಾನರ ತೋಟದಿಂದ ಬಂದ ಎಳನೀರು ಒಂದು ಮುಗಿಯಿತು, ಬಲವಂತಕ್ಕೆ ಇನ್ನೊಂದು, ಗೌರವಕ್ಕೆ ಮತ್ತೊಂದು. ಸಾಹೇಬರು ಕುರ್ಚಿಯಲ್ಲಿ ಆ ಕಡೆ ಈ ಕಡೆ ಸರಿಯುತ್ತಾ ನನ್ನ ಮಾತಿಗೆಲ್ಲ ಬೇಗಬೇಗ ಹೂಂ ಅನ್ನುತ್ತಿದ್ದರು. ಅಷ್ಟರಲ್ಲಿ ಯಜಮಾನರು ಒಳಗೆ ಬಂದರು. ಟವೆಲ್ಲನ್ನು ಹೆಗಲಿಂದ ಇಳಿಸಿ ಸೊಂಟಕ್ಕೆ ಸುತ್ತಿದರು, ಕೈಕಟ್ಟಿದರು, ತಲೆ ಬಗ್ಗಿಸಿದರು. ಗಟ್ಟಿ ದನಿಯಲ್ಲಿ, "ಮೇ ಐ ಗೋ ಟು ಟಾಯ್ಲೆಟ್ ಸಾ" ಅಂದರು.

ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಆದರೆ ಸಾಹೇಬರು ತಟ್ಟನೆ ಎದ್ದರು. ಮುಖದಲ್ಲಿ ದೇವರನ್ನು ಕಂಡ ಹಾಗೆ ಕಳೆ. "ನಡೀರಿ ಯಜಮಾನ್ರೇ, ನಾನೂ ಬರ್ತೀನಿ. ಎಲ್ಲಿದೆ ಅಂತ ಹೆಂಗಸರನ್ನ ಕೇಳೋದು ಹೇಗೆ ಅಂತಿದ್ದೆ" ಅಂದು ಅವರ ಕೈ ಹಿಡಿದುಕೊಂಡೇ ಹೊರಟರು. ನಮಸ್ಕಾರಕ್ಕೆ ಇಷ್ಟು ಮರ್ಯಾದೆ ಸಿಗುತ್ತದೆಂದು ಯಜಮಾನರು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಎಲ್ಲಿಗೆ ಅಂತಲೂ ಕೇಳದೆ ಗತ್ತಿನಿಂದ ಜೊತೆಗೆ ನಡೆದರು.

ಗಂಡುಮಕ್ಕಳದ್ದರ ಚಿಲಕ ತುಕ್ಕು ಹಿಡಿದು ಕೂತಿತ್ತು, ಎಳೆದರೂ ತೆರೆಯಲಿಲ್ಲ. ಉಳಿದದ್ದು ಬಾಗಿಲಿಲ್ಲದ್ದು. ಸಾಹೇಬರು ಅದರ ಮುಂದೆ ನಿಂತು ಒಳಗೆ ನೋಡಿದರು, ಹಿಂದೆ ಬಂದ ನನ್ನನ್ನು ನೋಡಿದರು, ಆಟ ನಿಲ್ಲಿಸಿ ತಮ್ಮನ್ನೇ ನೋಡುತ್ತಿದ್ದ ಮಕ್ಕಳನ್ನು ನೋಡಿದರು. ಆ ಹೊತ್ತಿನಲ್ಲಿ ಅವರಿಗೆ ನಮ್ಮ ಹೆಣ್ಣುಮಕ್ಕಳ ಕಷ್ಟ ಅರ್ಥವಾದಷ್ಟು ಇನ್ಯಾರಿಗೂ ಅರ್ಥವಾಗಿರಲಾರದು. ಕೊನೆಗೆ ಯಜಮಾನರ ತೋಟದ ಕಡೆಗೆ ಬಿರಬಿರನೆ ನಡೆದರು. ತಿರುಗಿ ಬಂದು ನನ್ನ ಹತ್ತಿರ ಒಂದೇ ಮಾತು ಹೇಳಿದರು: "ಈ ತಿಂಗಳಲ್ಲೇ ಮಾಡಿಸ್ತೀನಮ್ಮ."

ಮಾಡಿಸಿದರು. ಹೊಸ ಬಾಗಿಲು, ಚಿಲಕ, ನೀರಿನ ನಲ್ಲಿ ಎಲ್ಲ ಬಂತು. ಮುಂದಿನ ವರ್ಷ ಮನೆಮನೆಗೆ ಹೋದಾಗ ಹೆಣ್ಣುಮಕ್ಕಳನ್ನು ಕಳಿಸಲು ಒಪ್ಪಿದ ಮನೆಗಳೂ ಹೆಚ್ಚಾದವು. ಯಜಮಾನರಿಗೆ ಆ ವಾಕ್ಯದ ಅರ್ಥವನ್ನು ಇವತ್ತಿಗೂ ಯಾರೂ ಹೇಳಿಲ್ಲ. ಮೊನ್ನೆ ಹೋಟೆಲಿನ ಮುಂದೆ ನಾಲ್ಕು ಜನರ ನಡುವೆ ಕೂತು ಹೇಳುತ್ತಿದ್ದರು:

"ನಮ್ ಮೇಡಮ್ಮೋರು ಕನ್ನಡದಲ್ಲಿ ವರ್ಷಗಟ್ಲೆ ಕೇಳಿದ್ರು ಕಣ್ಲಾ, ಯಾರೂ ಕಿವಿಗೆ ಹಾಕ್ಕೊಳ್ಳಿಲ್ಲ. ನಾನು ಇಂಗ್ಲೀಷಲ್ಲಿ ಒಂದ್ ನಮಸ್ಕಾರ ಹಾಕ್ದೆ ನೋಡು, ಬಾಗ್ಲೇ ಬಂತು."