ನೀಲಿ ಪರದೆ, ಕಾಣದ ಫೈಲು

೧. ಮೇನ್ ಸ್ವಿಚ್

ವಾಡಿ ಹತ್ತಿರ ಲಾರಿ ತೂಗುವ ಕಾಟಾ. ಅಲ್ಲಿಯ ಕಂಪ್ಯೂಟರ್ ಪರದೆ ಪದೇ ಪದೇ ನೀಲಿಯಾಗಿ ಕೆಲಸ ನಿಲ್ಲುತ್ತಿತ್ತು. ಫರಸಿ ಕಲ್ಲು ಹೇರಿದ ಲಾರಿಗಳು ರಸ್ತೆವರೆಗೆ ನಿಂತಿದ್ದವು. ರಿಪೇರಿಗೆ ಸೇಡಂನಿಂದ ನನ್ನನ್ನು ಕರೆಸಿದರು.

"ನಮ್ಮ ಆಪರೇಟರ್ ಇದರಾಗ ಸಿನಿಮಾ ನೋಡ್ತಾನ್ರಿ. ಅದಕ್ಕೇ ಕೆಡ್ಲಿಕತ್ತದ" ಎಂದರು ಕಾಟಾದ ಸಾವಕಾರರು. "ನೀವು ಹೌದಂದ್ರ ಸಾಕು, ನಾಳಿಂದ ಅಂವಗ ಕೆಲಸಕ್ಕ ಬ್ಯಾಡಂತೀನಿ."

"ನಾ ನೋಡಿಲ್ಲ ಕಾಕಾ" ಎಂದ ಆಪರೇಟರ್, ನನ್ನ ಕಡೆ ತಿರುಗಿ.

ಹೀಗೆ ಕೆಟ್ಟು ನಿಲ್ಲುವಾಗ ಕಂಪ್ಯೂಟರ್ ಕಾರಣವನ್ನು ಒಂದು ಫೈಲಿನಲ್ಲಿ ಬರೆದಿಡುತ್ತದೆ. ಕ್ರ್ಯಾಶ್ ಡಂಪ್ ಎನ್ನುತ್ತಾರೆ. ಹುಡುಕಿದೆ. ಇರಲಿಲ್ಲ.

"ನೀಲಿ ಆದಕೂಡ್ಲೆ ಏನ್ ಮಾಡ್ತಿ?"

"ಮೇನ್ ಸ್ವಿಚ್ ಬಂದ್ ಮಾಡ್ತೀನಿ. ಕಲ್ಲು ಕೊಯ್ಯೋ ಮಷಿನ್ ಕೆಟ್ರ ಹಂಗೇ ಮಾಡ್ಬೇಕಂತ ಸಾವಕಾರ್ರು ಕಲಿಸ್ಯಾರ."

"ಅದು ಹೇಳ್ಬೇಕಂತ ಬಾಯಿ ತೆಗೀತದ. ನೀ ಕುತಿಗಿ ಹಿಚುಕ್ತಿ."

೨. ಅಮಾವಾಸ್ಯೆ

ಸ್ವಿಚ್ ಮುಟ್ಟಬೇಡ ಎಂದು ಹೇಳಿ ಬಂದಿದ್ದೆ. ಅವನು ಮುಟ್ಟಲಿಲ್ಲ. ಮತ್ತೆ ನೀಲಿಯಾಯಿತು, ಮತ್ತೆ ಹೋದೆ. ಫೈಲು ಈಗಲೂ ಇಲ್ಲ. ಕಂಪ್ಯೂಟರಿಗೆ ವಿಭೂತಿ, ಕುಂಕುಮ, ಚೆಂಡು ಹೂವು.

"ನಿನ್ನಿ ಅಮಾಸಿ ಇತ್ತಲ್ರಿ" ಎಂದರು ಸಾವಕಾರರು. "ಕಾಟಾ ತೊಳಿಸಿ ಪೂಜಿ ಮಾಡಿಸೀನಿ. ಕಂಪ್ಯೂಟರ್ ಒಳಗಿನ ಕಸಾನೂ ನಾನೇ ಕೂತು ತಗದೀನಿ. ಒಂದು ಭಾಳ ದೊಡ್ಡ ಫೈಲ್ ಇತ್ತು, ಯಾರಿಗೂ ಉಪಯೋಗಿಲ್ಲದ್ದು. ಮೊದ್ಲು ಅದನ್ನೇ ಒಗದೆ."

"ಅದನ್ನೇ ನಾ ಹುಡುಕ್ಲಿಕತ್ತೀನ್ರಿ."

"ಹಂಗಾದ್ರ ಅಮಾಸಿಕಿಂತ ಮೊದ್ಲೇ ಬರಬೇಕಿತ್ತು ನೀವು."

೩. ಸಿನಿಮಾ

ಮೂರನೆಯ ಸಲ ಹೋದಾಗ ಡಿಸ್ಕ್ ತುಂಬಿತ್ತು. ಫೈಲು ಬರೆಯಲು ಜಾಗವೇ ಇಲ್ಲ. ತುಂಬಿದ್ದು ವಿಡಿಯೋ. ತೆರೆದೆ. ಎಲ್ಲದರಲ್ಲೂ, ಬೆನ್ನ ಹಿಂದಿನಿಂದ ಕಂಡಂತೆ, ಆಪರೇಟರ್ ತಲೆ ತಗ್ಗಿಸಿ ತೂಕದ ಚೀಟಿ ಹರಿಯುತ್ತಿದ್ದ.

ಆಪರೇಟರ್ ಹಿಂದೆ ತಿರುಗಿ ನೋಡಿದ. ಬಸವಣ್ಣನವರ ಫೋಟೋದ ಹಿಂದಿನಿಂದ ಒಂದು ಸಣ್ಣ ಕ್ಯಾಮೆರಾ ಇಣುಕುತ್ತಿತ್ತು.

"ಅಂವ ಸಿನಿಮಾ ನೋಡೋದು ಹಿಡೀಲಿಕ್ಕ ನಾನೇ ಹಾಕೀನಿ" ಎಂದರು ಸಾವಕಾರರು.

"ಅಮಾಸಿಗಿ ಈ ವಿಡಿಯೋ ಯಾಕ ಒಗೀಲಿಲ್ರಿ?"

"ಅದು ಕಸಾ ಅಲ್ಲಲ್ರಿ. ಸಾಕ್ಷಿ."

ಹಳೆಯ ವಿಡಿಯೋ ಅಳಿಸಿ ಜಾಗ ಮಾಡಿದೆ. ಮೂವರೂ ಕೈಕಟ್ಟಿ ಕೂತೆವು. ಚಹಾ ಮುಗಿಯುವ ಹೊತ್ತಿಗೆ ಪರದೆ ನೀಲಿಯಾಯಿತು. ಯಾರೂ ಸ್ವಿಚ್ ಮುಟ್ಟಲಿಲ್ಲ. ಮತ್ತೆ ಶುರುವಾದಾಗ ಫೈಲು ಇತ್ತು. ತೆರೆದು ಓದಿದೆ. ಕೆಡಿಸುತ್ತಿದ್ದುದು ಆ ಕ್ಯಾಮೆರಾದ ಸಾಫ್ಟ್‌ವೇರ್.

"ಏನಂತದ್ರಿ? ಸಿನಿಮಾನೇ ಹೌದಿಲ್ಲೋ?" ಸಾವಕಾರರು ಕೇಳಿದರು.

"ಸಿನಿಮಾನೇ. ಆದ್ರ ಅಂವ ನೋಡ್ತಿದ್ದಿಲ್ಲ. ನೀವು ತೆಗೀತಿದ್ರಿ."

ಕ್ಯಾಮೆರಾ ಬಿಚ್ಚಿ ಅವರ ಕೈಗೆ ಕೊಟ್ಟೆ. ಆಪರೇಟರ್ ಮುಂದಿನ ಲಾರಿಯನ್ನು ಒಳಗೆ ಕರೆದ.